ತಾನೆಲ್ಲಿದ್ದೇನೆಂದು ಅದಕ್ಕೆ ಗೊತ್ತಾಗಬೇಕಲ್ಲ

ಪೂಜ್ಯ ಅಪ್ಪನಿಗೂ ಅಮ್ಮನಿಗೂ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. “ಮೊಣಕಾಲೆತ್ತರದ ಒಂದು ಗಾಡಿ ಓಡಿಸೋಕೆ ನಾಲ್ಕು ವರ್ಷ ಯಾಕಮ್ಮಾ?” ಅಂತ ಅಪ್ಪ ಕೇಳಿದಾಗ ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಓಡಿಸೋದು ಸುಲಭ ಅಪ್ಪಾ. ತಾನೀಗ ಎಲ್ಲಿದ್ದೇನೆ ಅನ್ನೋದು ರೋಬೋಟಿಗೆ ಗೊತ್ತಾಗಬೇಕಲ್ಲ, ಕಷ್ಟ ಇರೋದು ಅಲ್ಲಿ.

ಚಕ್ರ ಎಷ್ಟು ಸುತ್ತು ತಿರುಗಿತೆಂದು ಎಣಿಸಿ ಅದು ದೂರ ಲೆಕ್ಕ ಹಾಕುತ್ತದೆ. ನುಣುಪು ನೆಲದಲ್ಲಿ ಚಕ್ರ ಒಂಚೂರು ಜಾರಿದರೂ ಲೆಕ್ಕ ತಪ್ಪಿತು. ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ 100 ಮೀಟರ್ ಹೋಗುವಷ್ಟರಲ್ಲಿ ಸುಮಾರು 1.75 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಬಾಗಿಲು ಅಂದುಕೊಂಡ ಕಡೆ ಗೋಡೆ!

ಅದಕ್ಕೇ ಲೈಡಾರ್ ಕೂರಿಸಿದ್ದೇವೆ. ಲೇಸರ್ ಕಿರಣ ಎದುರಿನ ವಸ್ತುವಿಗೆ ತಾಗಿ ವಾಪಸು ಬರಲು ಹಿಡಿಯುವ ಹೊತ್ತಿನಿಂದ ದೂರ ಅಳೆಯುತ್ತದೆ. ಜಾಗ ಗೊತ್ತಿಲ್ಲದೆ ನಕ್ಷೆ ಬರೆಯೋಕಾಗಲ್ಲ, ನಕ್ಷೆಯಿಲ್ಲದೆ ಜಾಗ ಗೊತ್ತಾಗಲ್ಲ. ಎರಡನ್ನೂ ಒಟ್ಟಿಗೇ ಮಾಡಬೇಕು. ಇದಕ್ಕೆ ಸ್ಲ್ಯಾಮ್ ಅಂತಾರೆ. ನನ್ನ ಪಿಎಚ್‌ಡಿ ಪೂರ್ತಿ ಇದರ ಮೇಲೆಯೇ.

ಹೋದ ತಿಂಗಳು ಒಂದು ಗಾಜಿನ ಬಾಗಿಲಿಗೆ ಗುದ್ದಿಕೊಂಡಿತು. ಕಿರಣ ಗಾಜು ದಾಟಿ ಆಚೆಯ ಗೋಡೆಯಿಂದ ವಾಪಸು ಬಂದಿತ್ತು. ಅದರ ಪಾಲಿಗೆ ಅಲ್ಲಿ ಬಾಗಿಲೇ ಇರಲಿಲ್ಲ. ಈಗ ಶಬ್ದದ ಅಲೆ ಕಳಿಸಿ ದೂರ ಅಳೆಯುವ ಸೆನ್ಸರ್ ಕೂಡ ಸೇರಿಸಿದ್ದೇನೆ, ಗಾಜಿಗೆ ಬಡಿದ ಶಬ್ದ ತಿರುಗಿ ಬರುತ್ತದೆ. ಅವತ್ತು ಬಹಳ ಬೇಜಾರಾಗಿತ್ತು. ಆಗ 2004ನೇ ಇಸವಿ ನೆನೆಸಿಕೊಂಡೆ. ಆ ವರ್ಷ ಅಮೆರಿಕದ ಮರುಭೂಮಿಯಲ್ಲಿ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ಚಾಲಕರಹಿತ ವಾಹನಗಳ ಸ್ಪರ್ಧೆಯಲ್ಲಿ ಒಂದೂ ಗುರಿ ಮುಟ್ಟಲಿಲ್ಲ, ಎಲ್ಲಕ್ಕಿಂತ ಮುಂದೆ ಹೋದದ್ದೂ 12 ಕಿ.ಮೀ. ದಾಟಲಿಲ್ಲ. ಮರುವರ್ಷ ಐದು ವಾಹನಗಳು 212 ಕಿ.ಮೀ. ಪೂರ್ತಿ ಮುಗಿಸಿದವು. ಎಲ್ಲಿ ಎಡವಿದೆವು ಅಂತ ಆ ತಂಡಗಳು ಕೂತು ನೋಡಿದ್ದವು.

ಮೊನ್ನೆ ರಾತ್ರಿ ರೋಬೋಟ್ ಕಟ್ಟಡದ ಕಾರಿಡಾರುಗಳನ್ನೆಲ್ಲ ಸುತ್ತಿ ಹೊರಟ ಜಾಗಕ್ಕೇ ಬಂತು. ಪರದೆಯ ಮೇಲಿನ ನಕ್ಷೆ ಸೊಟ್ಟಗಾಗಿತ್ತು, ಒಂದೇ ಗೋಡೆ ಎರಡೆರಡು ಗೆರೆಯಾಗಿ ಕಾಣುತ್ತಿತ್ತು. ಈ ಮೂಲೆ ಮೊದಲೇ ನೋಡಿದ್ದು ಅಂತ ಅದು ಗುರುತು ಹಿಡಿದದ್ದೇ ತಡ, ಇಡೀ ನಕ್ಷೆ ಒಮ್ಮೆಲೇ ಸರಿದು ನೆಟ್ಟಗಾಯಿತು. ಕಣ್ಣಲ್ಲಿ ನೀರು ಬಂತಮ್ಮಾ. ಒಂದೇ ಥರ ಕಾಣುವ ಎರಡು ಮೂಲೆಗಳನ್ನು ಅದು ಒಂದೇ ಅಂದುಕೊಂಡರೆ ನಕ್ಷೆಯೆಲ್ಲ ಕೆಡುತ್ತದೆ, ಆ ಕೆಲಸ ಇನ್ನೂ ಬಾಕಿ ಇದೆ.

ಆ ನಕ್ಷೆಯ ಪ್ರಿಂಟ್ ಇದರ ಜೊತೆಗಿಟ್ಟಿದ್ದೇನೆ. ಕೆಳಗೆ ಎಡಮೂಲೆಯಲ್ಲಿ ಎರಡು ಸಣ್ಣ ಚುಕ್ಕೆ ಕಾಣುತ್ತವೆ ನೋಡಿ. ಅವು ನನ್ನ ಕಾಲುಗಳು, ಪಕ್ಕದಲ್ಲೇ ನಿಂತಿದ್ದೆ.

ನಿಮ್ಮ ಪ್ರೀತಿಯ ಮಗಳು