ಕಾರ್ಪೆಟ್‌ಗಳನ್ನು ಇನ್ನು ಮುಂದೆ ಮಡಚದೆ ಸುರುಳಿ ಸುತ್ತಿ ಕೊಡುವ ಬಗ್ಗೆ

ಉಡುಪಿ

ಮಾನ್ಯ ಗ್ರಾಹಕರೇ,

ನಮ್ಮ ಸಹಕಾರಿ ಮಳಿಗೆಯಲ್ಲಿ ಮಾರಾಟವಾಗುವ ಕಾರ್ಪೆಟ್ ಹಾಗೂ ಸೆಣಬಿನ ನೆಲಹಾಸುಗಳ ಪೈಕಿ ಮೂರು ಅಡಿಗಿಂತ ಹೆಚ್ಚು ಅಗಲವಿರುವ ಯಾವುದನ್ನೂ ಜೂನ್ 1ರಿಂದ ಮಡಚಿ ಕಟ್ಟಿ ಕೊಡಲಾಗುವುದಿಲ್ಲ, ರಟ್ಟಿನ ಕೊಳವೆಗೆ ಸುತ್ತಿ ಸುರುಳಿಯಾಗಿಯೇ ಕೊಡಲಾಗುವುದು ಎಂಬುದನ್ನು ತಮ್ಮ ಗಮನಕ್ಕೆ ತರುತ್ತಿದ್ದೇವೆ. ನವಲಗುಂದದ ಜಮಖಾನೆಗಳಿಗೆ ಮಾತ್ರ ಈ ಬದಲಾವಣೆ ಅನ್ವಯಿಸುವುದಿಲ್ಲ. ಅವು ಹತ್ತಿಯ ನೂಲಿನಲ್ಲಿ ನೇಯ್ದವು, ಹಿಂಬದಿಗೆ ಯಾವ ಲೇಪವೂ ಇಲ್ಲದವು. ಎಷ್ಟು ಸಲ ಮಡಚಿದರೂ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಹಾಕಿದರೆ ನೆಟ್ಟಗಾಗುತ್ತವೆ.

ಕಾರ್ಪೆಟ್‌ನ ವಿಷಯ ಹಾಗಲ್ಲ. ಈಗ ಹೆಚ್ಚು ಮಾರಾಟವಾಗುವ ಕಾರ್ಪೆಟ್‌ಗಳ ನೂಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನದು, ಅನೇಕವುಗಳ ಬೆನ್ನಿಗೆ ಲೇಟೆಕ್ಸ್ ಅಂಟಿನ ಲೇಪವಿರುತ್ತದೆ. ಇವನ್ನು ನಾಲ್ಕು ಮಡಿಕೆ ಮಾಡಿ ಒಂದರ ಮೇಲೊಂದು ಒಟ್ಟಿ, ಬೇಸಿಗೆಯಲ್ಲಿ ಮುಚ್ಚಿದ ಟೆಂಪೋದಲ್ಲೋ ಗೋದಾಮಿನಲ್ಲೋ ಇಟ್ಟಾಗ ಸೆಕೆಗೂ ಭಾರಕ್ಕೂ ಸಿಕ್ಕಿದ ನೂಲು ಮಡಿಕೆಯ ಆಕಾರಕ್ಕೇ ಹೊಂದಿಕೊಂಡುಬಿಡುತ್ತದೆ. ಅಷ್ಟೇ ಆದರೆ ಸರಿಪಡಿಸಬಹುದು. ಮಡಿಕೆಯ ಗೆರೆಯುದ್ದಕ್ಕೂ ಲೇಟೆಕ್ಸ್ ಬಿರುಕು ಬಿಟ್ಟರೆ ಮಾತ್ರ ಅದಕ್ಕೆ ಪರಿಹಾರವಿಲ್ಲ: ಅಲ್ಲಿಂದ ಹುಡಿ ಉದುರಲು ಶುರುವಾಗುತ್ತದೆ, ಎಷ್ಟೇ ಭಾರ ಹೇರಿದರೂ ಆ ಗೆರೆ ಮೇಲ್ಮೈಯಲ್ಲಿ ಕಾಣುತ್ತಲೇ ಇರುತ್ತದೆ.

ಈಗಾಗಲೇ ಮಡಚಿದ ಕಾರ್ಪೆಟ್ ಒಯ್ದಿರುವವರು ಸುಕ್ಕು ತೆಗೆಯುವ ವಿಧಾನವನ್ನು ಕೇಳುತ್ತಿರುವುದರಿಂದ ಅದನ್ನೂ ಇಲ್ಲಿ ವಿವರಿಸುತ್ತಿದ್ದೇವೆ. ಮೊದಲಿಗೆ ಕಾರ್ಪೆಟ್ ಬಂದ ದಿನವೇ ಹಾಸಿ, ಒಂದೆರಡು ದಿನ ಏನೂ ಮಾಡದೆ ಬಿಡುವುದು ಒಳ್ಳೆಯದು. ಸಣ್ಣಪುಟ್ಟ ಸುಕ್ಕುಗಳು ತಾವಾಗಿಯೇ ಇಳಿಯುತ್ತವೆ. ಉಳಿದವುಗಳಿಗೆ, ಮಡಿಕೆ ಯಾವ ಕಡೆಗೆ ಬಾಗಿದೆಯೋ ಅದಕ್ಕೆ ವಿರುದ್ಧವಾಗಿ ಇಡೀ ಕಾರ್ಪೆಟ್ಟನ್ನು ಸಡಿಲವಾಗಿ ಸುತ್ತಿ, ಕೆಲವು ಗಂಟೆ ಬಿಟ್ಟು ಬಿಡಿಸಿ, ಗೆರೆಯ ಮೇಲೆ ಒಂದು ಹಲಗೆಯಿಟ್ಟು ಅದರ ಮೇಲೆ ಅಕ್ಕಿ ಚೀಲದಂತಹ ಭಾರವನ್ನು ರಾತ್ರಿಯಿಡೀ ಇಡಬೇಕು. ಹಲಗೆಯಿಲ್ಲದೆ ನೇರವಾಗಿ ಭಾರ ಇಟ್ಟರೆ ನೂಲು ಅಲ್ಲಲ್ಲಿ ಚಪ್ಪಟೆಯಾಗಿ ಬೇರೆಯದೇ ಗುರುತು ಮೂಡುತ್ತದೆ. ಪಾಲಿಪ್ರೊಪಿಲೀನ್ ಕಾರ್ಪೆಟ್ಟನ್ನು ಬೆಳಗಿನ ಬಿಸಿಲಿನಲ್ಲಿ ತಾರಸಿಯ ಮೇಲೆ ಬೆನ್ನು ಮೇಲಾಗಿ ಹಾಸಿ, ಬೆಚ್ಚಗಾದ ಮೇಲೆ ಒಳಗೆ ತಂದು ಕೈಯಿಂದ ಸವರಿದರೂ ಮಡಿಕೆ ಸುಲಭವಾಗಿ ಬಗ್ಗುತ್ತದೆ.

ಇಂತಹ ಕಾರ್ಪೆಟ್‌ಗೆ ಇಸ್ತ್ರಿ ಪೆಟ್ಟಿಗೆ ತಾಗಿಸಲೇಬಾರದು. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಹತ್ತಿ ಬಟ್ಟೆಗೆಂದು ಇಸ್ತ್ರಿ ಪೆಟ್ಟಿಗೆಯಲ್ಲಿ ಇಡುವ ಶಾಖವೋ 200 ಡಿಗ್ರಿಯ ಆಸುಪಾಸಿನದು. ದುರಸ್ತಿ ಮಾಡಿಕೊಡಿ ಎಂದು ಮಳಿಗೆಗೆ ಬಂದಿದ್ದ ಒಂದು ಕಾರ್ಪೆಟ್‌ನ ಮಧ್ಯದಲ್ಲಿ ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರದಲ್ಲೇ ನೂಲು ಕರಗಿ, ಗಟ್ಟಿಯಾಗಿ, ಗಾಜಿನ ಹಾಗೆ ಹೊಳೆಯುತ್ತಿತ್ತು. ಅದನ್ನು ಯಾರೂ ಸರಿಪಡಿಸಲಾರರು.

ಉಣ್ಣೆಯ ಕಾರ್ಪೆಟ್‌ಗೆ ಬೆನ್ನಿನ ಕಡೆಯಿಂದ, ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯ ಮೇಲೆ ಹದವಾದ ಶಾಖ ಕೊಡಬಹುದು. ತೇವವೂ ಬಿಸಿಯೂ ಸೇರಿದಾಗ ಉಣ್ಣೆ ಮೆದುವಾಗಿ, ಆರುವಾಗ ಯಾವ ಆಕಾರದಲ್ಲಿ ಇರುತ್ತದೋ ಅದನ್ನೇ ಹಿಡಿದುಕೊಳ್ಳುತ್ತದೆ. ಆದುದರಿಂದ ಪೂರ್ತಿ ಒಣಗುವ ತನಕ ಅದರ ಮೇಲೆ ನಡೆಯಬಾರದು. ಆಟಿಯ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು, ಒಣಗದ ಉಣ್ಣೆಗೆ ಬೂಸಲು ಹಿಡಿಯುತ್ತದೆ. ಸೆಣಬಿಗೆ ನೀರು ತಾಗಿದರೆ ಕಂದು ಕಲೆಯಾಗುವುದರಿಂದ ಅದಕ್ಕೆ ಭಾರ ಇಡುವುದೊಂದೇ ದಾರಿ.

ಹಾಸಿ ಕೆಲವು ತಿಂಗಳಾದ ಮೇಲೆ ಏಳುವ ಅಲೆಗಳಿಗೂ ಮಡಿಕೆಗೂ ಸಂಬಂಧವಿಲ್ಲ. ನಮ್ಮೂರಿನ ಹಳೆ ಮನೆಗಳ ನುಣುಪಾದ ಕಾವಿ ನೆಲದಲ್ಲಾಗಲಿ, ಹೊಸ ಮನೆಗಳ ಟೈಲ್ಸ್ ಮೇಲಾಗಲಿ ಕಾರ್ಪೆಟ್ ದಿನವೂ ಸ್ವಲ್ಪ ಸ್ವಲ್ಪ ಜಾರುತ್ತದೆ. ಒಂದು ತುದಿಯ ಮೇಲೆ ಸೋಫಾ ಇದ್ದರೆ ಜಾರಿದ್ದೆಲ್ಲ ಅದರ ಬುಡಕ್ಕೆ ಬಂದು ಉಬ್ಬುತ್ತದೆ. ಸೋಫಾ ಎತ್ತಿ, ನಡುವಿನಿಂದ ಅಂಚಿನ ಕಡೆಗೆ ಸವರಿ, ಕೆಳಗೆ ಜಾರದ ರಬ್ಬರ್ ಬಲೆಯನ್ನು ಪ್ರತಿ ಬದಿಯಲ್ಲೂ ಒಂದು ಇಂಚು ಒಳಗಿರುವಂತೆ ಕತ್ತರಿಸಿ ಹಾಸಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಉಬ್ಬನ್ನು ನಾಳೆಗೆ ಬಿಡಬೇಡಿ, ಕಾಲು ಎಡವುವುದು ಅಲ್ಲಿಯೇ.

ಸುರುಳಿ ಸುತ್ತಿ ಕೊಡುವುದರಿಂದ ತಮಗೆ ಒಂದು ಅನನುಕೂಲವಂತೂ ಇದೆ. ಐದು ಅಡಿ ಅಗಲ, ಎಂಟು ಅಡಿ ಉದ್ದದ ಕಾರ್ಪೆಟ್ ಸುತ್ತಿದಾಗ ಐದು ಅಡಿಯ ಕಂಬದಷ್ಟಾಗುತ್ತದೆ. ಮೊದಲಿನಂತೆ ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಲಾಗದು, ರಿಕ್ಷಾದಲ್ಲೂ ಅದು ಹೊರಗೆ ಚಾಚಿಕೊಳ್ಳುತ್ತದೆ. ಆದುದರಿಂದ ಉಡುಪಿ ಮತ್ತು ಮಣಿಪಾಲಕ್ಕೆ ಬುಧವಾರ ಮತ್ತು ಶನಿವಾರ ನಮ್ಮ ಟೆಂಪೋದಲ್ಲಿ ಉಚಿತವಾಗಿ ಮನೆಗೆ ತಲುಪಿಸುತ್ತೇವೆ. ಕಾಪು, ಕಾರ್ಕಳ, ಕುಂದಾಪುರದ ಕಡೆಯವರು ಬಾಡಿಗೆಯ ಅರ್ಧವನ್ನು ಭರಿಸಬೇಕಾಗುತ್ತದೆ. ಕೊಳವೆಗೆ 100 ರೂಪಾಯಿ ಠೇವಣಿ ಪಡೆಯಲಾಗುವುದು, ಕೊಳವೆ ಮರಳಿಸಿದಾಗ ಆ ಹಣವೂ ಮರಳುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಿ ಕಳುಹಿಸುತ್ತೇವೆ, ಮನೆ ತಲುಪಿದ ಕೂಡಲೇ ಅದನ್ನು ಬಿಚ್ಚಿಬಿಡಿ.

ಕಾರ್ಪೆಟ್ ನೆಲಕ್ಕೆ ಕೂರಲು ಸಮಯ ಬೇಕಾಗುವುದರಿಂದ ಹಿಂದಿರುಗಿಸುವ ಅವಧಿಯನ್ನು 7 ದಿನಗಳಿಂದ 30 ದಿನಗಳಿಗೆ ಹೆಚ್ಚಿಸಲಾಗಿದೆ. ನೇಯುವಾಗ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಹಾಸಿನ ನೂಲಿನ ಬಿಗಿ ಒಂದೇ ಸಮನಾಗಿರದಿದ್ದರೆ ಬರುವ ಅಲೆ ಮನೆಯಲ್ಲಿ ಏನು ಮಾಡಿದರೂ ಹೋಗದು. ಅಂತಹದನ್ನು ಈ ಅವಧಿಯೊಳಗೆ ತಂದರೆ ಬದಲಿಸಿ ಕೊಡುತ್ತೇವೆ. ಮೇ ತಿಂಗಳಲ್ಲಿ ಮುಂಗಡ ಕೊಟ್ಟು ಇನ್ನೂ ಸರಕು ಒಯ್ಯದವರಿಗೂ ಈ ಅವಧಿ ಅನ್ವಯಿಸುತ್ತದೆ, ಅವರಿಂದ ಕೊಳವೆಯ ಠೇವಣಿ ಪಡೆಯುವುದಿಲ್ಲ. ಬರುವಾಗ ರಶೀದಿ ತರಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು