ಸದ್ಯಕ್ಕೆ ಆಪರೇಷನ್ ಬೇಡ ಅಂದಿದ್ದೇನೆ ಅಣ್ಣ

ಲೀಡ್ಸ್
ಭಾನುವಾರ ರಾತ್ರಿ

ಪ್ರೀತಿಯ ಅಣ್ಣನಿಗೆ,

ನಮಸ್ಕಾರ. ನಾವು ಮೂವರೂ ಚೆನ್ನಾಗಿದ್ದೇವೆ. ಅತ್ತಿಗೆಯನ್ನೂ ಮಕ್ಕಳನ್ನೂ ಕೇಳಿದೆ ಅಂತ ಹೇಳು. ನಿನ್ನ ಕಾಗದ ಗುರುವಾರ ಸಿಕ್ಕಿತು. ಫೋನ್ ಮಾಡೋಣ ಅಂದರೆ ಅವ್ವ ನಿನ್ನ ಪಕ್ಕದಲ್ಲೇ ಕೂತಿರುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಬೀರುವಿನಲ್ಲಿಡು, ಮಕ್ಕಳ ಕೈಗೆ ಸಿಗಬಾರದು.

ನನ್ನ ಪ್ರಾಸ್ಟೇಟ್ ಕ್ಯಾನ್ಸರ್‌ಗೆ, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಯ ಕ್ಯಾನ್ಸರ್‌ಗೆ, ಆಪರೇಷನ್ ಸದ್ಯಕ್ಕೆ ಬೇಡ ಅಂತ ತೀರ್ಮಾನ ಮಾಡಿದ್ದೇನೆ. ನಿನಗೆ ಸಿಟ್ಟು ಬರುತ್ತದೆ, ಗೊತ್ತು. ‘2018ರಲ್ಲಿ ಗುಡ್ಡದ ಬರೆ ಬಿರುಕು ಬಿಟ್ಟದ್ದು ಕಂಡೂ ನೋಡೋಣ ನೋಡೋಣ ಅಂತ ಕೂತೆವು, ಮಣ್ಣು ಬಂದು ಅರ್ಧ ತೋಟ ಹೋಯಿತು, ಈಗ ನೀನೂ ನೋಡೋಣ ಅನ್ನುತ್ತೀಯಾ’ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ಆ ಆಗಸ್ಟ್‌ನಲ್ಲಿ ಎರಡು ದಿನ ನಿಮ್ಮ ಫೋನ್ ಸಿಗದೆ ನಾನಿಲ್ಲಿ ಹೇಗಿದ್ದೆ ಅಂತ ನನಗೇ ಗೊತ್ತು. ಆದರೆ ಆ ಬರೆಗೆ ಯಾರೂ ಅಳತೆ ಹಿಡಿದಿರಲಿಲ್ಲ ಅಣ್ಣ. ನನ್ನದಕ್ಕೆ ಹಿಡಿದಿದ್ದಾರೆ.

ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ, ಈಗ ಪೂರ್ತಿ ಕೇಳು. ರಕ್ತದಲ್ಲಿ ಪಿಎಸ್‌ಎ ಅಂತ, ಆ ಗ್ರಂಥಿಯಿಂದ ಬರುವ ಒಂದು ಪ್ರೋಟೀನ್ ಎಷ್ಟಿದೆ ಅಂತ ನೋಡುತ್ತಾರೆ. ನಲವತ್ತರಿಂದ ನಲವತ್ತೊಂಬತ್ತರ ಒಳಗಿನವರಿಗೆ ಅದು 2.5 ದಾಟಿದರೆ ಇಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ನನಗೆ 4.1 ಇತ್ತು. ಮೊದಲು ಎಂಆರ್‌ಐ ಮಾಡಿದರು. ಆಮೇಲೆ ಬಯಾಪ್ಸಿ, ಹದಿನಾಲ್ಕು ಚೂರು ತೆಗೆದರು. ಎರಡರಲ್ಲಿ ಮಾತ್ರ ಕ್ಯಾನ್ಸರ್ ಜೀವಕೋಶ ಸಿಕ್ಕಿತು. ಜೀವಕೋಶ ಎಷ್ಟು ಕೆಟ್ಟಿದೆ ಅಂತ ಅಳೆಯಲು ಗ್ಲೀಸನ್ ಅಂತ ಒಂದು ಲೆಕ್ಕ ಇದೆ, ನನ್ನದು 3 ಕೂಡಿಸು 3, ಒಟ್ಟು 6. ಹತ್ತರಲ್ಲಿ ಆರು ಅಂದುಕೊಂಡು ನನ್ನ ಕೈಕಾಲು ತಣ್ಣಗಾಯಿತು. ಆದರೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬರೆಯುವಾಗ ಕೊಡುವ ಅತಿ ಕಡಿಮೆ ಅಂಕಿಯೇ 6 ಅಂತೆ. ಗ್ರಂಥಿಯಿಂದ ಹೊರಗೆ ಹೋಗಿಲ್ಲ. ಬಯಾಪ್ಸಿ ಆದ ಮೇಲೆ ಎರಡು ದಿನ ಉಚ್ಚೆ ಕೆಂಪಗೆ ಹೋಯಿತು, ಆಟಿ ತಿಂಗಳ ಹದಿನೆಂಟರ ಮದ್ದುಸೊಪ್ಪಿನ ಪಾಯಸ ತಿಂದ ಮಾರನೇ ದಿನದ ಹಾಗೆ. ಮನೆ ನೆನಪಾಗಿ ಕಣ್ಣು ತುಂಬಿತು.

ಇಲ್ಲಿ ಸರ್ಜನ್‌ಗಳನ್ನು ಡಾಕ್ಟರ್ ಅನ್ನುವುದಿಲ್ಲ, ಮಿಸ್ಟರ್ ಅನ್ನಬೇಕು. ಅದೇ ಇಲ್ಲಿ ದೊಡ್ಡ ಮರ್ಯಾದೆ. ನಮ್ಮ ಮಿಸ್ಟರ್ ಮುಕ್ಕಾಲು ಗಂಟೆ ಕೂರಿಸಿಕೊಂಡು ಚಿತ್ರ ಬರೆದು ವಿವರಿಸಿದರು. ಅವರು ಹೇಳಿದ್ದನ್ನೆಲ್ಲ ಕಾಗದದಲ್ಲಿ ಬರೆದು ನನಗೂ ಒಂದು ಪ್ರತಿ ಕಳಿಸಿದರು. ಅದನ್ನು ಇದರ ಜೊತೆ ಇಟ್ಟಿದ್ದೇನೆ, ಮಡಿಕೇರಿಯ ಡಾಕ್ಟರಿಗೆ ತೋರಿಸು. ದುಡ್ಡಿನ ಮಾತಂತೂ ಎತ್ತಲೇಬೇಡ. ಕಾರ್ ನಿಲ್ಲಿಸುವುದಕ್ಕೆ ಕೊಟ್ಟದ್ದು ಬಿಟ್ಟರೆ ಒಂದು ಪೈಸೆ ಖರ್ಚಾಗಿಲ್ಲ. ಮೆಣಸು ಮಾರಿ ಕಳಿಸುತ್ತೇನೆ ಅಂದೆಯಲ್ಲ, ದಯವಿಟ್ಟು ಬೇಡ. ಅದು ಮಕ್ಕಳ ಫೀಸಿಗೆ ಇರಲಿ.

ನನ್ನ ಮುಂದೆ ಇದ್ದದ್ದು ಮೂರು ದಾರಿ. ರೋಬೋಟ್ ಇಟ್ಟುಕೊಂಡು ಗ್ರಂಥಿಯನ್ನೇ ತೆಗೆಯುವುದು, ರೇಡಿಯೇಷನ್, ಇಲ್ಲವೇ ಚಿಕಿತ್ಸೆ ಕೊಡದೆ ಬಿಗಿಯಾಗಿ ಕಣ್ಣಿಟ್ಟಿರುವುದು. ಈ ದೇಶದಲ್ಲೇ ಇದರ ಮೇಲೆ ಪ್ರೊಟೆಕ್ಟ್ ಅಂತ ದೊಡ್ಡ ಅಧ್ಯಯನ ಆಗಿದೆ. 1,643 ಗಂಡಸರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿ ಹದಿನೈದು ವರ್ಷ ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಯಾವ ಗುಂಪಿನಲ್ಲಿದ್ದರೂ ನೂರಕ್ಕೆ ತೊಂಬತ್ತೇಳು ಜನ ಈ ಕ್ಯಾನ್ಸರ್‌ನಿಂದ ಸತ್ತಿರಲಿಲ್ಲ.

ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಕಣ್ಣಿಟ್ಟ ಗುಂಪಿನಲ್ಲಿ ಬೇರೆ ಕಡೆ ಹರಡಿದ್ದು ನೂರಕ್ಕೆ ಒಂಬತ್ತು ಜನರಿಗೆ, ಆಪರೇಷನ್ ಆದವರಲ್ಲಿ ಸುಮಾರು ಐದು. ಕಣ್ಣಿಟ್ಟವರಲ್ಲೂ ಹತ್ತರಲ್ಲಿ ಆರು ಜನ ಆ ಹದಿನೈದು ವರ್ಷದೊಳಗೆ ಚಿಕಿತ್ಸೆ ತಗೊಂಡರು. ಇನ್ನೊಂದು, ಅವರೆಲ್ಲ 50ರಿಂದ 69ರವರು. ನನಗೆ 46. ಹದಿನೈದು ವರ್ಷ ಕಳೆದರೂ ನನಗೆ ಅರವತ್ತೊಂದೇ. ರಾತ್ರಿ ಎಚ್ಚರವಾದಾಗ ಈ ಲೆಕ್ಕವೇ ತಲೆಯಲ್ಲಿ ಓಡುತ್ತದೆ. ಚಿಕ್ಕ ವಯಸ್ಸಿನವರು ಆಪರೇಷನ್ನಿಂದ ಬೇಗ ಚೇತರಿಸಿಕೊಳ್ಳುತ್ತಾರೆ ಅಂತಲೂ ಮಿಸ್ಟರ್ ಹೇಳಿದರು. ಇವಳೂ ಮೊದಲ ವಾರ ತೆಗೆಸಿಬಿಡಿ ತೆಗೆಸಿಬಿಡಿ ಅಂತ ಅಳುತ್ತಿದ್ದಳು.

ಹಾಗಿದ್ದೂ ಯಾಕೆ ಬೇಡ ಅಂದೆ ಅಂತ ಕೇಳುತ್ತೀಯ. ನಿನಗೆ ಬರೆಯಲು ಸಂಕೋಚ, ಆದರೂ ಬರೆಯುತ್ತೇನೆ. ತೆಗೆದರೆ ಉಚ್ಚೆ ಹಿಡಿತ ತಪ್ಪಬಹುದು, ಕೆಲವರಿಗೆ ತಿಂಗಳುಗಟ್ಟಲೆ ಪ್ಯಾಡ್ ಬೇಕಾಗುತ್ತದೆ, ಕೆಲವರಿಗೆ ಪೂರ್ತಿ ಸರಿಹೋಗುವುದೇ ಇಲ್ಲ. ಗಂಡ ಹೆಂಡತಿ ಸಂಬಂಧಕ್ಕೂ ತೊಂದರೆ ಆಗಬಹುದು. ಪಾಪುಗೆ ಒಬ್ಬ ತಮ್ಮನೋ ತಂಗಿಯೋ ಬೇಡವಾ ಅಂತ ಅವ್ವ ಪ್ರತಿ ಫೋನಿನಲ್ಲೂ ಕೇಳುತ್ತಾಳೆ. ನಮಗೂ ಆಸೆ ಇದೆ. ಆಪರೇಷನ್ ಆದರೆ ಅದು ಸಹಜವಾಗಿ ಆಗುವುದಿಲ್ಲ ಅಣ್ಣ. ಮುಂದೆ ಬೇಕಾದರೆ ಈ ನಷ್ಟವನ್ನೆಲ್ಲ ತಡೆದುಕೊಳ್ಳುತ್ತೇನೆ. ಇವತ್ತೇ ಅವಸರದಲ್ಲಿ ಯಾಕೆ?

ಕಣ್ಣಿಡುವುದು ಅಂದರೆ, ಮೊದಲ ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ವರ್ಷ ತುಂಬಿದಾಗ ಡಾಕ್ಟರ್ ಕೈಯಲ್ಲಿ ಪರೀಕ್ಷೆ. ಒಂದು, ಒಂದೂವರೆ ವರ್ಷದಲ್ಲಿ ಮತ್ತೆ ಎಂಆರ್‌ಐ. ಆ ಅಧ್ಯಯನದಲ್ಲಿ ಪಿಎಸ್‌ಎ ನೋಡಿಕೊಂಡೇ ಕಾದರು, ಈಗಿನ ಹಾಗೆ ಎಂಆರ್‌ಐ ಕಾವಲು ಇರಲಿಲ್ಲ. ಮುಂದಿನ ಬಯಾಪ್ಸಿಯಲ್ಲಿ ಗ್ಲೀಸನ್ ಲೆಕ್ಕದ ಒಂದು 3ರ ಬದಲು 4 ಬಂದರೆ, ಎಂಆರ್‌ಐನಲ್ಲಿ ಗಂಟು ದೊಡ್ಡದಾಗಿ ಕಂಡರೆ, ನಾನೇ ಹೋಗಿ ಆಪರೇಷನ್ ಮಾಡಿ ಅನ್ನುತ್ತೇನೆ. ಅಪ್ಪನ ಆಣೆ. ನೀನು ಹೆದರಬೇಡ. ನಿನ್ನೆ ಪಾಪುವನ್ನು ಹೆಗಲ ಮೇಲೆ ಕೂರಿಸಿಕೊಂಡು ಪಾರ್ಕಿನ ಗುಡ್ಡ ಹತ್ತಿದೆ. ಊಟ ಸೇರುತ್ತದೆ, ಕೆಲಸಕ್ಕೆ ಒಂದು ದಿನ ರಜೆ ಹಾಕಿಲ್ಲ. ಇಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಅದೊಂದೇ ಬೇಸರ.

ಈಗ ನಿನ್ನ ವಿಷಯ. ಅಪ್ಪನಿಗೆ ಏನಾಗಿತ್ತು ಅಂತ ಇಲ್ಲಿ ಕೇಳಿದಾಗ ಉತ್ತರ ಕೊಡಲು ಆಗಲಿಲ್ಲ. ಕೊನೆಯ ವರ್ಷ ಸೊಂಟ, ಬೆನ್ನಿನ ಮೂಳೆ ಅಷ್ಟು ನೋಯುತ್ತಿತ್ತಲ್ಲ, ರಾತ್ರಿ ಆರೇಳು ಸಲ ಏಳುತ್ತಿದ್ದರು. ವಯಸ್ಸು ಅಂದುಕೊಂಡು ಸುಮ್ನಿದ್ದೆವು. ಅಟ್ಟದ ಟ್ರಂಕಿನಲ್ಲಿ ಅವರ ಆಸ್ಪತ್ರೆ ಫೈಲು ಇರಬೇಕು, ಹುಡುಕಿ ಪ್ರತಿ ಹಾಳೆಯ ಫೋಟೋ ಕಳಿಸು. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಇದು ಬಂದಿದ್ದರೆ ಉಳಿದವರಿಗೆ ಬರುವ ಸಾಧ್ಯತೆ ಎರಡೂವರೆ ಪಟ್ಟಂತೆ. ನಿನಗೆ ಐವತ್ತೊಂದು. ಕಾಫಿ ಕುಯ್ಲು ಮುಗಿಯಲಿ ಅನ್ನಬೇಡ. ಈ ವಾರವೇ ಮಡಿಕೇರಿಗೆ ಹೋಗಿ ಪಿಎಸ್‌ಎ ಮಾಡಿಸು. ಒಂದು ಸಣ್ಣ ಟ್ಯೂಬ್ ರಕ್ತ ಅಷ್ಟೇ. ಉಚ್ಚೆಯಲ್ಲಿ ಇನ್ಫೆಕ್ಷನ್ ಏನಾದರೂ ಇದ್ದರೆ ಮೊದಲೇ ಡಾಕ್ಟರಿಗೆ ಹೇಳು, ಅಂಕಿ ಸುಮ್ನೆ ಜಾಸ್ತಿ ಬರುತ್ತದೆ. ನನಗೂ ಏನೂ ತೊಂದರೆ ಕಂಡಿರಲಿಲ್ಲ ಅಣ್ಣ, ಅದನ್ನು ಮರೀಬೇಡ.

ಅವ್ವನಿಗೆ ಕ್ಯಾನ್ಸರ್ ಅನ್ನುವ ಮಾತು ಆಡಬೇಡ. ಹುತ್ತರಿಗೆ ಯಾಕೆ ಬರಲಿಲ್ಲ ಅಂದರೆ ರಜೆ ಸಿಗಲಿಲ್ಲ ಅನ್ನು. ಮೇ ತಿಂಗಳಲ್ಲಿ ಮೂವರೂ ಬರುತ್ತೇವೆ, ಆಗ ನಾನೇ ಪಕ್ಕದಲ್ಲಿ ಕೂತು ಹೇಳುತ್ತೇನೆ.

ಪಾಪು ಎದ್ದು ಅಳುತ್ತಿದ್ದಾಳೆ, ನಾಳೆ ಆರಕ್ಕೇ ಕೆಲಸಕ್ಕೆ ಹೊರಡಬೇಕು. ನಿಲ್ಲಿಸುತ್ತೇನೆ. ಪಿಎಸ್‌ಎ ರಿಪೋರ್ಟ್ ಬಂದ ದಿನವೇ ಫೋಟೋ ತೆಗೆದು ಹಾಕು.

ನಿನ್ನ ತಮ್ಮ