ಬೀಜ ಕ್ಯೂಬಾದ್ದು, ಮಣ್ಣು ನಿಕರಾಗುವದ್ದು

ಹೊಗೆಸೊಪ್ಪು ಆರೋಗ್ಯಕ್ಕೆ ಕೆಡುಕು ಎಂಬುದರಲ್ಲಿ ಎರಡು ಮಾತಿಲ್ಲ. ಈ ಸಂಚಿಕೆಯಲ್ಲಿ ನಾವು ಬರೆಯುತ್ತಿರುವುದು ಸಿಗಾರ್ ಸುತ್ತುವ ಕಸುಬಿನ ಬಗ್ಗೆ, ಊರು ಬಿಟ್ಟು ಬಂದವರ ವಿದ್ಯೆ ಬೇರೆ ನೆಲದಲ್ಲಿ ಹೇಗೆ ಮಾರ್ಪಡುತ್ತದೆ ಎಂಬುದರ ಬಗ್ಗೆ.

ಹೋಸೆ ಒರ್ಲಾಂಡೊ ಪಾದ್ರೋನ್ ಕ್ಯೂಬಾದ ಪಿನಾರ್ ದೆಲ್ ರಿಯೊ ಸೀಮೆಯ ಹೊಗೆಸೊಪ್ಪು ಬೆಳೆಗಾರರ ಮನೆತನದವರು. 1964ರಲ್ಲಿ ಅವರು ಮಯಾಮಿಯಲ್ಲಿ ಸಿಗಾರ್ ಕಂಪನಿ ತೆರೆದಾಗ ಅಮೆರಿಕದ ವ್ಯಾಪಾರ ನಿರ್ಬಂಧ ಬಂದು ಎರಡು ವರ್ಷವಾಗಿತ್ತು. ಕ್ಯೂಬಾದ ಎಲೆ ತರಿಸುವ ದಾರಿ ಮುಚ್ಚಿತ್ತು. 1970ರಲ್ಲಿ ತಯಾರಿಕೆಯನ್ನು ಮಧ್ಯ ಅಮೆರಿಕದ ನಿಕರಾಗುವಕ್ಕೆ ಒಯ್ದರು. ಇಂಥ ಸಿಗಾರನ್ನು ಬರೀ ‘ಕ್ಯೂಬನ್ ಪರಂಪರೆ’ ಎಂದು ಮಾರುವುದು ನಿಕರಾಗುವಕ್ಕೆ ಮಾಡುವ ಅನ್ಯಾಯ.

ಏಕೆಂದರೆ ಕ್ಯೂಬಾದ್ದೇ ಬೀಜ ಬಿತ್ತಿದರೂ ಎಲೆ ಅಲ್ಲಿನದೇ ಅಲ್ಲ. ನಿಕರಾಗುವದ ಎಸ್ತೆಲಿ ಕಣಿವೆಯ ಕಪ್ಪು ಜ್ವಾಲಾಮುಖಿ ಮಣ್ಣಿನಲ್ಲಿ ಎಲೆ ದಪ್ಪಗೆ, ಖಾರವಾಗಿ ಬರುತ್ತದೆ. ಹಲಾಪಾ ಕಣಿವೆಯದು ಮೆದು. ಒಣಗಿಸಿದ ಎಲೆ ಹುದುಗಲೆಂದು ಅದಕ್ಕೆ ಹದವಾಗಿ ನೀರು ಚಿಮುಕಿಸಿ ದೊಡ್ಡ ಮೆದೆಗಳಾಗಿ ಒಟ್ಟುತ್ತಾರೆ. ಒಳಗೆ ತಾನಾಗಿಯೇ ಕಾವು ಏರುತ್ತದೆ. ಉದ್ದನೆಯ ಥರ್ಮಾಮೀಟರ್ ಚುಚ್ಚಿ ನೋಡುತ್ತಿದ್ದು, 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಮೆದೆ ಮುರಿದು, ಒಳಗಿನ ಎಲೆ ಹೊರಗೂ ಹೊರಗಿನದು ಒಳಗೂ ಬರುವಂತೆ ಮತ್ತೆ ಒಟ್ಟಬೇಕು. ತಡವಾದರೆ ಎಲೆ ಸೀದು ಸತ್ವ ಹೋಗುತ್ತದೆ. ಅವಸರಪಟ್ಟು ಬೇಗ ಮುಗಿಸಿದರೆ ಅಮೋನಿಯಾ ಉಳಿದು ಗಂಟಲು ಕೆರೆಯುತ್ತದೆ. ದಪ್ಪ ಎಲೆಗೆ ಇಂಥ ಸುತ್ತುಗಳು ಹೆಚ್ಚು ಬೇಕು, ಆಮೇಲೂ ವರ್ಷಗಟ್ಟಲೆ ಇಡಬೇಕು. ಪಾದ್ರೋನ್ ಕಂಪನಿಯ ‘1964 ಆನಿವರ್ಸರಿ’ ಸಿಗಾರಿಗೆ 4 ವರ್ಷ ಮಾಗಿದ ಎಲೆ ಬಳಸುತ್ತಾರೆ. ಅಷ್ಟು ಕಾಲ ಬಂಡವಾಳ ಗೋದಾಮಿನಲ್ಲೇ ಕೂತಿರುತ್ತದೆ.

ಕರಾವಳಿಯ ಬೀಡಿ ಕಟ್ಟುವವರನ್ನು ಬಲ್ಲ ನಮ್ಮ ಓದುಗರಿಗೆ ಒಂದು ವ್ಯತ್ಯಾಸ ಹೇಳಬೇಕು. ಬೀಡಿಯ ಹೊದಿಕೆ ತೆಂಡು ಮರದ ಎಲೆ, ಒಳಗಿನ ಪುಡಿ ಮಾತ್ರ ಹೊಗೆಸೊಪ್ಪು. ಸಿಗಾರಿನಲ್ಲಿ ಹೊದಿಕೆಯೂ ಹೊಗೆಸೊಪ್ಪೇ, ರುಚಿಯ ದೊಡ್ಡ ಪಾಲು ಅದರದು. ನಡುನರ ತೆಗೆದಾಗ ಎಲೆ ಎಡ, ಬಲ ಎಂದು ಎರಡು ಹೋಳಾಗುತ್ತದೆ. ಎರಡನ್ನೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು, ಇಲ್ಲದಿದ್ದರೆ ನರಗಳು ಅಡ್ಡಡ್ಡ ಎದ್ದು ಕಾಣುತ್ತವೆ.

ಕೈಗಳ ವಿಷಯಕ್ಕೆ ಬಂದರೆ ಬದಲಾವಣೆ ಇನ್ನೂ ಸ್ಪಷ್ಟ. ಕ್ಯೂಬಾದಲ್ಲಿ ಸಾಮಾನ್ಯವಾಗಿ ಒಬ್ಬನೇ ಕುಶಲಕರ್ಮಿ ಮೊದಲಿನಿಂದ ಕೊನೆಯವರೆಗೆ ಸುತ್ತುತ್ತಾನೆ. ಎಸ್ತೆಲಿಯಲ್ಲಿ ಜೋಡಿ ಕೂರುತ್ತಾರೆ: ಒಬ್ಬರು ಒಳಗಿನ ಕಟ್ಟು ಮಾಡುವವರು, ಇನ್ನೊಬ್ಬರು ಹೊದಿಕೆ ಸುತ್ತುವವರು. ಕಟ್ಟು ಮಾಡುವವರು ಪ್ರತಿ ಎಲೆಯನ್ನೂ ಸಡಿಲ ಕೊಳವೆಯಂತೆ ಮಡಿಸಿ, ನಿಧಾನವಾಗಿ ಉರಿಯುವ ಲಿಹೆರೊ (ಗಿಡದ ತುದಿಭಾಗದ ದಪ್ಪ) ಎಲೆಯನ್ನು ನಟ್ಟನಡುವೆ ಇಡಬೇಕು. ಅದು ಒಂದು ಬದಿಗೆ ಸರಿದರೆ ಸಿಗಾರ್ ಓರೆಯಾಗಿ ಉರಿಯುತ್ತದೆ. ಪುಸ್ತಕದ ಹಾಳೆಯಂತೆ ಎಲೆ ಪೇರಿಸಿ ಮಡಿಸಿದರೆ ಕೆಲಸ ಬೇಗ ಸಾಗುತ್ತದೆ, ಆದರೆ ಗಾಳಿ ಕಟ್ಟಿಕೊಳ್ಳುವ ಸಂಭವ ಹೆಚ್ಚು. ಕಟ್ಟನ್ನು ಅಚ್ಚಿನಲ್ಲಿಟ್ಟು ಮುಕ್ಕಾಲು ಗಂಟೆ ಒತ್ತುತ್ತಾರೆ. ನಡುವೆ ಒಮ್ಮೆ ತಿರುಗಿಸದಿದ್ದರೆ ಅಚ್ಚಿನ ಸಂದಿನ ಗೆರೆ ಮೂಡಿ ಹೊದಿಕೆಯ ಕೆಳಗೂ ಉಬ್ಬಿ ಕಾಣುತ್ತದೆ. ಹೊದಿಕೆ ಸುತ್ತುವ ಮುನ್ನವೇ ಯಂತ್ರದಲ್ಲಿ ಗಾಳಿ ಎಳೆದು ನೋಡಿದರೆ ಬಿಗಿಯಾದ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಬಹುದು. ಬೆಲೆಬಾಳುವ ಹೊದಿಕೆ ಎಲೆ ಉಳಿಯುತ್ತದೆ.

ಈ ಕೆಲಸಗಾರರೆಲ್ಲ ನಿಕರಾಗುವದವರು. ಸಿಗಾರಿನ ಕಾಗದದ ಪಟ್ಟಿಯ ಮೇಲೆ ಬೀಜದ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕುವ ವ್ಯಾಪಾರಿಗಳು ಕಣಿವೆಯ ಹೆಸರನ್ನೂ, ಸುತ್ತಿದ ಊರನ್ನೂ, ಕೊಯ್ಲಿನ ವರ್ಷವನ್ನೂ ಅದೇ ಅಕ್ಷರದಲ್ಲಿ ಹಾಕಬೇಕು.